ಒತಿಲಿಯಾ ಕಡಿಸಿದ ಚಕ್ಕೋತ ಮರ

ನಮ್ಮ ಬೀದಿ ಸರೋವರದ ಕಡೆಗೆ ಇಳಿಯುವಲ್ಲಿ ಒಂದು ಮರದ ಬೊಡ್ಡೆ ಇದೆ. ಬೆಳಗಾದರೆ ಒತಿಲಿಯಾ ಅದರ ಮೇಲೆ ತಕ್ಕಡಿ ಇಟ್ಟು ಒಣಮೀನು ಮಾರಲು ನಿಲ್ಲುತ್ತಾಳೆ. ಬೆರಳುದ್ದದ, ಬೆಳ್ಳಿಯಂಥ ಮೀನು. ನಾವು ಅದನ್ನು ಚರಾಲ್ ಅನ್ನುತ್ತೇವೆ. ನಿಂಬೆ ಹಿಂಡಿ, ಮೇಲೆ ಖಾರದ ಪುಡಿ ಉದುರಿಸಿ ಪೊಟ್ಟಣ ಕಟ್ಟಿ ಕೊಡುತ್ತಾಳೆ. ಆಕೆ ಕುಳ್ಳಿ. ಬೊಡ್ಡೆ ಅವಳ ಸೊಂಟಕ್ಕೆ ಸರಿಯಾಗಿದೆ, ಅಳತೆ ಕೊಟ್ಟು ಮಾಡಿಸಿದ ಹಾಗೆ. ಗ್ವಾದಲಹಾರಾ ನಗರದಿಂದ ಭಾನುವಾರ ಸುತ್ತಾಡಲು ಬರುವವರು "ಮೇಜು ಚೆನ್ನಾಗಿದೆಯಲ್ಲ" ಅನ್ನುತ್ತಾರೆ. ಅದು ಚಕ್ಕೋತದ ಮರವಾಗಿತ್ತು ಎಂದು ಅವಳು ಹೇಳುವುದಿಲ್ಲ.

ಆ ಮರ ಇದ್ದಾಗ ನಾನು ಚಿಕ್ಕವಳು. ಪಕ್ಕದ ಮನೆ ನಮ್ಮದು. ಹಣ್ಣಿನ ಒಳಗೆಲ್ಲ ನಸುಗೆಂಪು. ಇಡೀ ಬೀದಿ ತಿನ್ನುತ್ತಿತ್ತು. ಅದನ್ನು ನೆಟ್ಟವಳು ಒತಿಲಿಯಾಳ ತಾಯಿ. ತಾಯಿ ಹೋದ ಮೇಲೆ ತಮ್ಮ ಎವಾರಿಸ್ತೊನನ್ನು ಇವಳೇ ಸಾಕಿದಳು. ಮದುವೆಯ ಮಾತು ಬಂದಾಗ "ಇವನೂ ನನ್ನ ಜೊತೆ ಬರ್ತಾನೆ" ಅಂದಳಂತೆ. ಮಾತು ಅಲ್ಲಿಗೇ ನಿಂತಿತು. ಅದರ ಬಗ್ಗೆ ಅವಳಿಗೆ ಬೇಸರವಿದ್ದುದನ್ನು ಯಾರೂ ಕಂಡಿಲ್ಲ.

ಎವಾರಿಸ್ತೊ ಗಾರೆ ಕೆಲಸದವನು. ಸುಣ್ಣ ಬಳಿಯುತ್ತಾ ಹಾಡುವವನು, ಅರ್ಧ ಹಾಡು ಮರೆತು ಉಳಿದರ್ಧಕ್ಕೆ ತನ್ನದೇ ಮಾತು ಸೇರಿಸುವವನು. ಅವನನ್ನು ಕಂಡರೆ ಎಲ್ಲರಿಗೂ ಇಷ್ಟ. ಬೇಡ ಅನ್ನಲು ಬಾರದವನು. ಊರಿನಲ್ಲಿ ಯಾರು ಕರೆದರೂ ಹೋಗುತ್ತಿದ್ದ, ಯಾರು ಕೇಳಿದರೂ ಕೊಡುತ್ತಿದ್ದ.

ನಮ್ಮ ದಂಡೆಯ ಊರುಗಳಲ್ಲಿ ಎಳೆಯ ವಯಸ್ಸಿನವರ ಕಿಡ್ನಿ ಕೆಡುತ್ತದೆ. ನೀರು ಅನ್ನುತ್ತಾರೆ ಕೆಲವರು, ಹೊಲಕ್ಕೆ ಹೊಡೆಯುವ ಔಷಧಿ ಅನ್ನುತ್ತಾರೆ ಕೆಲವರು. ಪರೀಕ್ಷೆಗೆಂದು ಬಂದವರು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಎವಾರಿಸ್ತೊನ ಸರದಿ ಬಂದಾಗ ಒತಿಲಿಯಾ ಯಾರ ಹತ್ತಿರವೂ ಚರ್ಚೆ ಮಾಡಲಿಲ್ಲ. ಗ್ವಾದಲಹಾರಾದ ದೊಡ್ಡ ಆಸ್ಪತ್ರೆಯಲ್ಲಿ ಅವಳ ಎಡಗಡೆಯ ಕಿಡ್ನಿ ತೆಗೆದು ಅವನ ಹೊಟ್ಟೆಯ ಬಲಗಡೆ ಇಟ್ಟರು.

ಎಚ್ಚರವಾದ ಮೇಲೆ ಅವನು ಆಡಿದ ಮೊದಲ ಮಾತನ್ನು ಅವಳು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

"ಅಕ್ಕಾ, ಇದು ಥೇಟ್ ನಿನ್ನ ಹಾಗೇ. ನೋಡಕ್ಕೆ ಕುಳ್ಳಿ, ಆದ್ರೆ ಒಂದು ನಿಮಿಷ ಸುಮ್ನೆ ಕೂರಲ್ಲ. ಮೂತ್ರದ ಚೀಲ ಆಗ್ಲೇ ತುಂಬಿಸಿಬಿಟ್ಳು ನೋಡು."

ಕಿಡ್ನಿಗೆ ಹೆಸರಿಡುವುದು ಆ ವಾರ್ಡಿನಲ್ಲಿ ಮಾಮೂಲು. ಹೀಗೆ ಇವರ ಕಿಡ್ನಿಗೆ ಕುಳ್ಳಿ ಅಂತಲೇ ಹೆಸರಾಯಿತು. ವರ್ಷಕ್ಕೊಮ್ಮೆ ಕಿಡ್ನಿಯ ಹುಟ್ಟುಹಬ್ಬ, ಕೇಕು ಕತ್ತರಿಸುತ್ತಾರೆ. ಮಕ್ಕಳಿಗೆ ದೀಕ್ಷಾಸ್ನಾನದಲ್ಲಿ ಧರ್ಮತಾಯಿ ಇರುವಂತೆ ಕಿಡ್ನಿಗೂ ಒಬ್ಬ ಧರ್ಮತಾಯಿಯನ್ನು ಗೊತ್ತುಮಾಡುತ್ತಾರೆ. ತಮಾಷೆಗೇ ಶುರುವಾದದ್ದು, ಆದರೆ ಆ ನಂಟನ್ನು ಯಾರೂ ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ. ಕುಳ್ಳಿಗೆ ಧರ್ಮತಾಯಿಯಾದವಳು ನೊಎಲಿಯಾ. ಅದೇ ವಾರ್ಡಿನಲ್ಲಿ ತನ್ನ ತಾಯಿಯ ಕಿಡ್ನಿ ಹಾಕಿಸಿಕೊಂಡವಳು, ಹೊಲಿಗೆ ಕಾರ್ಖಾನೆಯ ಕೆಲಸಗಾರನ ಹೆಂಡತಿ. ಮೊದಲ ಹುಟ್ಟುಹಬ್ಬಕ್ಕೆ ಬೆರಳಷ್ಟು ಉದ್ದದ ಉಣ್ಣೆ ಟೋಪಿ ಹೆಣೆದು ತಂದಿದ್ದಳು.

"ಕಿಡ್ನಿಗೆ ಟೋಪಿ ಯಾಕಮ್ಮಾ?" ಅಂತ ಒತಿಲಿಯಾ ಕೇಳಿದಳು.

"ಶೀತ ಆಗ್ಬಾರ್ದಲ್ಲ ಅಕ್ಕಾ, ಹೊಸ ಮನೆ."

ಆ ಟೋಪಿಯನ್ನು ಒತಿಲಿಯಾ ಗ್ವಾದಲೂಪೆ ಮಾತೆಯ ಪಟದ ಮೊಳೆಗೆ ನೇತುಹಾಕಿದಳು.

ಹೊಸ ಕಿಡ್ನಿಯನ್ನು ಮೈ ಒಲ್ಲೆ ಅನ್ನದಿರಲಿ ಎಂದು ಎವಾರಿಸ್ತೊ ದಿನಾ ನುಂಗಬೇಕಿದ್ದ ಗುಳಿಗೆಗಳ ವಿಷಯವನ್ನು ಅವಳು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದಳು. ಚಳಿಗಾಲದಲ್ಲಿ ನಮ್ಮ ಸರೋವರಕ್ಕೆ ಹೆಜ್ಜಾರ್ಲೆ ಹಕ್ಕಿಗಳು ಬರುತ್ತವೆ. ಮೀನಿನ ತಲೆ, ಕರುಳು ಎಸೆದರೆ ತಿಂದು ತೆಪ್ಪಗಿರುತ್ತವೆ. ಎಸೆಯದಿದ್ದರೆ ಒಣಹಾಕಿದ ಮೀನಿಗೇ ಬಾಯಿ ಹಾಕುತ್ತವೆ. "ಮೈಯೊಳಗೂ ಅಂಥವೇ ಇರ್ತವೆ, ಹೊರಗಿನದು ಬಂದ್ರೆ ಕುಕ್ಕೋವು. ಬೆಳಗ್ಗೆ ಎಸೀಬೇಕು, ಸಂಜೆ ಎಸೀಬೇಕು" ಅನ್ನುತ್ತಿದ್ದಳು. ಬಿಳಿ ಗುಳಿಗೆಯ ಹೆಸರು ಟ್ಯಾಕ್ರೋಲಿಮಸ್. ಬೀದಿಯವರಿಗೆಲ್ಲ ಅದು ಹೆಜ್ಜಾರ್ಲೆ ಗುಳಿಗೆ.

ಡಾಕ್ಟರಮ್ಮ ಇನ್ನೊಂದು ಪಾಠ ಹೇಳಿಕೊಟ್ಟಿದ್ದರು. ಹಿತ್ತಲಿನ ಬಟ್ಟೆ ಒಗೆಯುವ ತೊಟ್ಟಿಯ ಪಾಠ. ಗುಳಿಗೆ ಅಂದರೆ ತೊಟ್ಟಿಗೆ ಹೊಯ್ಯುವ ನೀರು. ಲಿವರ್ ಅಂದರೆ ತಳದ ತೂತು. ಅದರಿಂದ ನೀರು ಹರಿದುಹೋಗುತ್ತಲೇ ಇರುತ್ತದೆ. ಹರಿಯುವಷ್ಟು ಲೆಕ್ಕ ಹಾಕಿ ಹೊಯ್ಯುತ್ತೇವೆ. ಚಕ್ಕೋತ ತಿಂದರೆ ತೂತಿಗೆ ಬಟ್ಟೆ ತುರುಕಿದ ಹಾಗೆ. ಅಷ್ಟೇ ಹೊಯ್ದರೂ ನೀರು ಏರುತ್ತದೆ, ಉಕ್ಕುತ್ತದೆ. ಕೈ ನಡುಗುತ್ತದೆ, ಕಾಪಾಡಬೇಕಾದ ಗುಳಿಗೆಯೇ ಕಿಡ್ನಿಯನ್ನು ಸುಡುತ್ತದೆ.

ಆ ವಾರವೇ ಒತಿಲಿಯಾ ಮರ ಕಡಿಸಿದಳು.

"ಅಮ್ಮನ ಮರ ಅಕ್ಕಾ," ಎವಾರಿಸ್ತೊ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ಅಂಗಳಕ್ಕೆ ಬಂದ. "ನಾನು ತಿನ್ನಲ್ಲ ಅಂದ್ರೆ ಮುಗೀತಲ್ಲ. ಮರ ಏನು ಮಾಡ್ತು?"

"ನಿನ್ನ ನಾಲಿಗೆ ನಂಗೊತ್ತು. ಯಾರಾದ್ರೂ ಒಂದು ತೊಳೆ ಕೈಗಿಟ್ರೆ ಬೇಡ ಅಂತೀಯಾ ನೀನು?"

ಅವನು ನಕ್ಕ. ಕೊಡಲಿ ಬಿದ್ದಾಗ ಹಣ್ಣುಗಳು ಉರುಳಿ ಇಳಿಜಾರಿನಲ್ಲಿ ಸರೋವರದವರೆಗೂ ಹೋದವು. ನಾವು ಅಟ್ಟಿಸಿಕೊಂಡು ಓಡಿದ್ದು ನನಗೆ ನೆನಪಿದೆ. ಒತಿಲಿಯಾ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲಿನ ವರ್ಷಗಳಲ್ಲಿ ಪ್ರತಿ ಬೆಳಿಗ್ಗೆ ನಮ್ಮ ಗೋಡೆಯಾಚೆಯಿಂದ ಅದೇ ಮಾತು ಕೇಳುತ್ತಿತ್ತು.

"ಕುಳ್ಳಿ ಹೇಗಿದ್ದಾಳೋ?"

"ನಿದ್ದೆ ಮಾಡಕ್ಕೆ ಬಿಡ್ಲಿಲ್ಲ ಅಕ್ಕಾ. ಬಚ್ಚಲಿಗೆ ಓಡಿಸ್ತಾನೇ ಇದ್ಲು."

"ಜಾಣೆ. ನನ್ನ ಹುಡುಗಿ."

ನಮಗೆ ಅದು ಕೋಳಿ ಕೂಗಿದಷ್ಟೇ ಸಹಜವಾಗಿತ್ತು.

ಊರ ಚರ್ಚಿನ ಗಂಟೆಗೋಪುರಕ್ಕೆ ಸುಣ್ಣ ಬಳಿಯಲು ಜನ ಬೇಕು ಅಂದಾಗ ಎವಾರಿಸ್ತೊಗೆ ಬೇಡ ಅನ್ನಲಾಗಲಿಲ್ಲ. ಗೋಪುರದ ತುಂಬ ಬಾವಲಿ. ಅವುಗಳ ಒಣಗಿದ ಹಿಕ್ಕೆಯ ಧೂಳು. ಅದರಿಂದ ಶ್ವಾಸಕೋಶಕ್ಕೆ ಫಂಗಸ್ ಹತ್ತಿತು. ಗುಳಿಗೆಯಿಂದ ತೂಕಡಿಸುತ್ತಿದ್ದ ಮೈ ಅದನ್ನು ತಡೆಯಲಿಲ್ಲ. ಕೆಮ್ಮಿ ಕೆಮ್ಮಿ ಅರ್ಧವಾದ. ಒತಿಲಿಯಾ ಚರ್ಚಿನ ಪಾದ್ರಿಯವರ ಜೊತೆ ಬಹಳ ಕಾಲ ಮಾತು ಬಿಟ್ಟಳು.

ಫಂಗಸ್‌ಗೆ ಕೊಟ್ಟ ಮಾತ್ರೆಯ ಬಗ್ಗೆ ಡಾಕ್ಟರಮ್ಮ ಅಕ್ಕ-ತಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: "ಈ ಮಾತ್ರೆಯೂ ಚಕ್ಕೋತ ಮಾಡೋ ಕೆಲಸಾನೇ ಮಾಡತ್ತೆ, ಅದಕ್ಕಿಂತ ಜೋರಾಗಿ. ತೊಟ್ಟಿಯ ತೂತಿಗೆ ಬಟ್ಟೆ ತುರುಕತ್ತೆ. ಆದ್ರೆ ಇದು ನಮಗೆ ಗೊತ್ತಿರೋದ್ರಿಂದ ನೀರನ್ನೇ ಕಮ್ಮಿ ಹೊಯ್ಯೋಣ. ಬಿಳಿ ಗುಳಿಗೆ ಇನ್ಮೇಲೆ ಮೂರನೇ ಒಂದು ಪಾಲು ಸಾಕು. ರಕ್ತ ಪರೀಕ್ಷೆ ಮಾತ್ರ ತಪ್ಪಿಸ್ಬೇಡ."

ಅವನು ತಪ್ಪಿಸಲಿಲ್ಲ. ರಕ್ತದಲ್ಲಿ ಗುಳಿಗೆಯ ಮಟ್ಟ ಸರಿಯಾಗಿತ್ತು. ಫಂಗಸ್ಸೂ ಇಳಿಯಿತು. ಆದರೆ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಹಳೆಯ ಚೀಟಿಯ ಪ್ರಕಾರ ಮೊದಲಿನಷ್ಟೇ ಗುಳಿಗೆ ಕೊಡುತ್ತಲೇ ಇದ್ದರು.

"ಉಳಿದಿದ್ದು ಏನು ಮಾಡ್ತೀಯ?" ಒತಿಲಿಯಾ ಒಮ್ಮೆ ಕೇಳಿದ್ದಳು.

"ವಾಪಸ್ ಕೊಡ್ತೀನಿ ಅಕ್ಕಾ."

ಅವಳು ನಂಬಿದಳು. ನಂಬದಿರುವುದಕ್ಕೆ ಕಾರಣವೇ ಇರಲಿಲ್ಲ.

ಚಿಕಿತ್ಸೆ ಮುಗಿಯಿತು. ಫಂಗಸ್ ಮಾತ್ರೆ ನಿಲ್ಲಿಸು, ಬಿಳಿ ಗುಳಿಗೆ ಮೊದಲಿನಷ್ಟು ತಗೋ ಎಂದು ಹೇಳಿ ಕಳಿಸಿದರು. ಆ ವರ್ಷದ ಹುಟ್ಟುಹಬ್ಬ ಜೋರಾಗಿ ನಡೆಯಿತು. ನೊಎಲಿಯಾ ಕೇಕು ಕತ್ತರಿಸಿ ಮೊದಲ ತುಂಡನ್ನು ಒತಿಲಿಯಾಳ ಬಾಯಿಗಿಟ್ಟಳು. "ಹೆತ್ತವಳಿಗೆ ಮೊದಲು" ಅಂದಳು. ಎವಾರಿಸ್ತೊ ಅರ್ಧ ಹಾಡು ಹಾಡಿದ. ನಾವೆಲ್ಲ ನಕ್ಕೆವು.

ಹೆಜ್ಜಾರ್ಲೆಗಳು ಬರುವ ಹೊತ್ತಿಗೆ ಗೋಡೆಯಾಚೆಯ ಮಾತು ಬದಲಾಯಿತು.

"ಕುಳ್ಳಿ ಹೇಗಿದ್ದಾಳೋ?"

"ಇವತ್ತು ರಜಾ ಹಾಕಿದ್ದಾಳೆ ಅಕ್ಕಾ."

ಮರುದಿನವೂ ರಜಾ. ಒತಿಲಿಯಾ ಅವನ ಕಾಲು ನೋಡಿದಳು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಇಳಿದಿತ್ತು. ಒಣಹಾಕಿದ ಮೀನನ್ನು ಹಾಗೇ ಬಿಟ್ಟು ಅವನನ್ನು ಬಸ್ಸು ಹತ್ತಿಸಿದಳು. ಕೈಗೊಬ್ಬರು ಇರಲಿ ಅಂತ ನಾನೂ ಹೋದೆ. ಅವನ ಕೋಣೆಯಲ್ಲಿದ್ದ ಔಷಧಿಯನ್ನೆಲ್ಲ ಅವಳು ಸಂತೆಚೀಲಕ್ಕೆ ಸುರಿದುಕೊಂಡಿದ್ದಳು. ಅದನ್ನು ಹಿಡಿದುಕೊಂಡಿದ್ದವಳು ನಾನು.

ಡಾಕ್ಟರಮ್ಮ ರಕ್ತದ ವರದಿ ನೋಡಿದರು, ಮತ್ತೊಮ್ಮೆ ನೋಡಿದರು. ಮೈ ಕಿಡ್ನಿಯನ್ನು ಒಲ್ಲೆ ಅನ್ನುತ್ತಿದೆ ಅಂದರು. ಬಿಳಿ ಗುಳಿಗೆ ರಕ್ತದಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟಿದೆ. "ಬಿಟ್ಟಿದ್ದೀಯಾ?"

"ಇಲ್ಲ ಡಾಕ್ಟ್ರೇ. ದೇವರಾಣೆ."

ಅವರು ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿ ಒಂದೊಂದೇ ಡಬ್ಬಿ ತಿರುಗಿಸಿ ಓದಿದರು. ಒಂದು ಡಬ್ಬಿಯ ಹತ್ತಿರ ಕೈ ನಿಂತಿತು.

"ಇದು ಉಗುರಿನ ಫಂಗಸ್‌ಗೆ ಕೊಡೋದು. ಯಾರ ಉಗುರಿಗೆ?"

ಒತಿಲಿಯಾ ತಮ್ಮನ ಕೈ ಎತ್ತಿ ತೋರಿಸಿದಳು. "ಇವನ ಉಗುರು ನೋಡಿ, ಮದುಮಗಳ ಹಾಗಿದೆ. ಇದು ನಮ್ಮದಲ್ಲ ಡಾಕ್ಟ್ರೇ. ಯಾರದ್ದೋ ಬೆರೆತಿರ್ಬೇಕು."

ಎವಾರಿಸ್ತೊ ಹಾಸಿಗೆಯ ಅಂಚು ನೋಡುತ್ತಿದ್ದ.

"ನಂದೇ," ಅಂದ.

ಆಮೇಲೆ ಮಾತು ತುಂಡು ತುಂಡಾಗಿ ಬಂತು. ನೊಎಲಿಯಾಳ ಗಂಡನ ಕಾರ್ಖಾನೆ ಮುಚ್ಚಿತ್ತು. ಅವನ ಕೆಲಸದ ಜೊತೆಗೆ ಅವಳಿಗಿದ್ದ ಉಚಿತ ಆಸ್ಪತ್ರೆಯ ಹಕ್ಕೂ ಹೋಯಿತು. ಗುಳಿಗೆ ನಿಂತಿತು. ಎವಾರಿಸ್ತೊನ ಹತ್ತಿರ ಮಿಕ್ಕಿದ್ದವು ಇದ್ದವು, ಕೊಟ್ಟ. ಅಲ್ಲಿಯವರೆಗೆ ಯಾರಿಗೂ ನಷ್ಟವಿರಲಿಲ್ಲ. ಚಿಕಿತ್ಸೆ ಮುಗಿದು ಮಿಕ್ಕುವುದು ನಿಂತಾಗ ಅವಳಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹಾಗಾಗಿ ಊರಿನ ಔಷಧಿ ಅಂಗಡಿಯಿಂದ ತಾನೇ ಫಂಗಸ್ ಮಾತ್ರೆ ಕೊಂಡು ನುಂಗುತ್ತಾ ಹೋದ. ಮೊದಲಿನ ಹಾಗೆ ಮೂರನೇ ಒಂದು ಪಾಲು ಗುಳಿಗೆ ತನಗೆ, ಉಳಿದದ್ದು ಅವಳಿಗೆ. ಪರೀಕ್ಷೆಯಲ್ಲಿ ಮಟ್ಟ ಸರಿಯಾಗಿಯೇ ಬರುತ್ತಿತ್ತು. ಡಾಕ್ಟರಮ್ಮನಿಗೂ ಅನುಮಾನ ಬರಲಿಲ್ಲ. ಒಂದು ಸಲ ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ. ಇದೂ ಫಂಗಸ್‌ಗೇ, ಇನ್ನೂ ಹೊಸದು ಎಂದು ಅಲ್ಲಿದ್ದ ಹುಡುಗಿ ಬೇರೆ ಡಬ್ಬಿ ಕೊಟ್ಟಳು. ಯಾವ ಕೆಲಸಕ್ಕೆ ಬೇಕು ಅಂತ ಅವನು ಹೇಳಿರಲಿಲ್ಲ. ಫಂಗಸ್ ಮಾತ್ರೆ ಅಂದರೆ ಫಂಗಸ್ ಮಾತ್ರೆ ಅಂದುಕೊಂಡ.

"ಇದು ತೂತು ಮುಚ್ಚಲ್ಲ," ಡಾಕ್ಟರಮ್ಮ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. "ನೀನು ಬಟ್ಟೆ ಕಿತ್ತು ಹಾಕಿ, ನೀರನ್ನೂ ಹೊಯ್ಯದೆ ಕೂತಿದ್ದೆ ಎವಾರಿಸ್ತೊ. ತೊಟ್ಟಿ ಒಣಗಿ ಎಷ್ಟು ದಿನ ಆಯ್ತೋ." ಆಮೇಲೆ ಅಂದರು: "ಒಂದು ಮಾತು ಹೇಳಿದ್ರೆ ಸಾಕಿತ್ತು. ತೀರಿಕೊಂಡವರ ಮನೆಯವರು ತಂದುಕೊಟ್ಟ ಗುಳಿಗೆ ಇಲ್ಲೇ ಕಪಾಟಿನಲ್ಲಿದೆ. ಇಂಥವರಿಗೆ ಕೊಡೋಕೇ ಇಟ್ಟಿರೋದು. ಆ ಹೆಣ್ಣುಮಗಳನ್ನ ಕಳಿಸಿ."

ಅವರು ಹೊರಗೆ ಹೋದ ಮೇಲೆ ಒತಿಲಿಯಾ ಚೀಲದೊಳಕ್ಕೆ ಡಬ್ಬಿಗಳನ್ನು ತುಂಬಿದಳು. ಉಗುರಿನ ಡಬ್ಬಿಯನ್ನು ಮಾತ್ರ ಮೇಜಿನ ಮೇಲೆ ಬಿಟ್ಟಳು.

"ನಾನು ಅಮ್ಮನ ಮರ ಕಡಿಸಿದೆ," ಅಂದಳು. "ನೀನು ಅದೇ ಮರಾನ ಅಂಗಡಿಯಿಂದ ಕೊಂಡು ನುಂಗ್ತಾ ಇದ್ದೆ."

"ಅಕ್ಕಾ..."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ ನೀನು."

"ಹೂಂ. ಬೇಡ ಅಂತಿದ್ದೆ."

"ಅವಳು ಸಾಯ್ತಿದ್ಲು ಅಕ್ಕಾ."

"ಅದು ನಿನ್ನ ಕಿಡ್ನಿ ಆಗಿದ್ರೆ ಊರಿಗೆಲ್ಲಾ ಹಂಚು, ನಂಗೇನು. ಅದು ನಂದು ಕಣೋ. ನಿನ್ನ ಹತ್ರ ಇರಲಿ ಅಂತ ಇಟ್ಟಿದ್ದೆ."

ಅವನು ಅಳಲಿಲ್ಲ. ಅತ್ತಿದ್ದರೆ ಅವಳಿಗೆ ಸುಲಭವಾಗುತ್ತಿತ್ತೋ ಏನೋ.

ದೊಡ್ಡ ಸೂಜಿಮದ್ದುಗಳನ್ನು ಕೊಟ್ಟು ನೋಡಿದರು. ಕುಳ್ಳಿ ತಿರುಗಿ ಕೆಲಸಕ್ಕೆ ಬರಲಿಲ್ಲ. ಇನ್ನು ರಕ್ತ ಸೋಸುವ ಡಯಾಲಿಸಿಸ್ ಯಂತ್ರವೇ ಗತಿ. ಮೊದಲ ಸಲ ಯಂತ್ರದಿಂದ ಬಿಡಿಸಿ ಹೊರಗೆ ತಂದಾಗ ಅವನ ತುಟಿ ಒಡೆದಿತ್ತು. ಏನೋ ಹೇಳಲು ಕೈ ಸನ್ನೆ ಮಾಡಿದ. ಒತಿಲಿಯಾ ಬಗ್ಗಿದಳು. ಇಷ್ಟು ದಿನ ಅವಳು ಒಂದು ಮಾತಿಗಾಗಿ ಕಾಯುತ್ತಿದ್ದಳು ಅನ್ನುವುದು ಅವಳು ಬಗ್ಗಿದ ರೀತಿಯಲ್ಲೇ ಕಾಣುತ್ತಿತ್ತು.

"ನೊಎಲಿಯಾಗೆ ಹೇಳು," ಅಂದ ಅವನು. "ಅವಳಿಗೂ ಅದೇ ಉಗುರಿನ ಡಬ್ಬಿ ಕೊಟ್ಟಿದೀನಿ. ಗುಳಿಗೆ ಹೆಚ್ಚು ದಿನ ಬರಲಿ ಅಂತ ಅವಳೂ ಫಂಗಸ್ ಮಾತ್ರೆ ನುಂಗಿ ಅರ್ಧ ತಗೋತಾ ಇದ್ಲು. ಬೇಗ ಹೋಗು ಅಕ್ಕಾ. ಅವತ್ತಿಂದ ಮಾಡ್ತಿದೀನಿ, ಅವಳ ಫೋನ್ ಹತ್ತಾ ಇಲ್ಲ."

ಒತಿಲಿಯಾ ನೆಟ್ಟಗಾದಳು. ಸೆರಗಿನಂತೆ ಹೊದ್ದಿದ್ದ ಶಾಲನ್ನು ಬಿಗಿದುಕೊಂಡಳು.

ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ನಿಂತೆವು. ನೊಎಲಿಯಾಳ ಊರಿನ ಬಸ್ಸು ಬಂತು. ಬಾಗಿಲು ತೆರೆಯಿತು. ಒತಿಲಿಯಾ ಕದಲಲಿಲ್ಲ. ಚಾಲಕ "ಏನಮ್ಮಾ, ಹತ್ತೋದಾ ಬಿಡೋದಾ?" ಅಂದ. ಅವಳು ಅವನ ಮುಖವನ್ನೇ ನೋಡಿದಳು. ಬಸ್ಸು ಹೋಯಿತು. ಕಲ್ಲಂಗಡಿ ಮಾರುವವನ ಗಾಡಿ ದಾಟಿಹೋಯಿತು. ಮುಂದಿನ ಬಸ್ಸು ಬಂದಾಗ ಅವಳು ನನಗಿಂತ ಮೊದಲು ಹತ್ತಿದಳು.

ನೊಎಲಿಯಾಳ ಮನೆ ರೈಲು ಹಳಿಯ ಪಕ್ಕ. ಬಟ್ಟೆ ಒಣಹಾಕುತ್ತಿದ್ದವಳು ಒತಿಲಿಯಾಳನ್ನು ಕಂಡು ಓಡಿಬಂದು ತಬ್ಬಿಕೊಳ್ಳಲು ಕೈ ಚಾಚಿದಳು. ಆ ಕೈಗಳು ಹಾಗೇ ಕೆಳಗಿಳಿದವು. ಅವಳ ಮುಖವೂ ಊದಿರಬಹುದೇ ಎಂದು ನಾನು ನೋಡಿದೆ. ಗೊತ್ತಾಗಲಿಲ್ಲ.

"ಫಂಗಸ್ ಮಾತ್ರೆ ಬದಲಾಗಿದೆ," ಒತಿಲಿಯಾ ಅಂಗಳದಲ್ಲೇ ನಿಂತು ಹೇಳಿದಳು. "ಹೊಸ ಡಬ್ಬಿಯದ್ದು ಕೆಲಸ ಮಾಡಲ್ಲ. ನೀನು ಅರ್ಧ ತಗೊಂಡ್ರೆ ಅರ್ಧಾನೇ. ಈಗ್ಲೇ ಆಸ್ಪತ್ರೆಗೆ ಹೊರಡು, ಡಾಕ್ಟರಮ್ಮನಿಗೆ ಎಲ್ಲಾ ಹೇಳು, ರಕ್ತ ಕೊಡು. ಅವರ ಹತ್ರ ನಿಂಗೆ ಗುಳಿಗೆ ಇದೆ. ನೀನಾಗೇ ಏನೂ ಹೆಚ್ಚು ಕಮ್ಮಿ ಮಾಡ್ಕೋಬೇಡ."

"ಎವಾರಿಸ್ತೊ?"

"ಯಂತ್ರದ ಮೇಲಿದ್ದಾನೆ."

ನೊಎಲಿಯಾ ಒದ್ದೆ ಅಂಗಿಯೊಂದನ್ನು ಎದೆಗೆ ಅವುಚಿಕೊಂಡಳು. ನೀರು ಅವಳ ಲಂಗದ ಮೇಲೆ ತೊಟ್ಟಿಕ್ಕಿತು.

"ಮಿಕ್ಕಿದ್ದು ಅಂತ ಹೇಳ್ತಿದ್ದ ಅಕ್ಕಾ. ಹೆಚ್ಚಿಗೆ ಕೊಡ್ತಾರೆ ಅಂತ."

"ನೀನು ನಂಬಿದ್ಯಾ?"

ಅವಳು ಸುಳ್ಳು ಹೇಳಬಹುದಿತ್ತು. "ಮೊದಮೊದಲು ನಂಬಿದೆ," ಅಂದಳು. "ಅವನ ಚಿಕಿತ್ಸೆ ಮುಗೀತು ಅಂತ ನಂಗೂ ಗೊತ್ತಿತ್ತಲ್ಲ. ಆಮೇಲೆ ಕೇಳಲಿಲ್ಲ. ಕೇಳಕ್ಕೆ ಭಯ ಆಯ್ತು."

"ಹೋದ ಹುಟ್ಟುಹಬ್ಬದ ಹೊತ್ತಿಗೆ ಗೊತ್ತಿತ್ತಾ?"

ನೊಎಲಿಯಾ ತಲೆ ತಗ್ಗಿಸಿದಳು.

ಒತಿಲಿಯಾ ಅಷ್ಟಕ್ಕೇ ಬಿಟ್ಟಳು. ಅವಳ ಬಾಯಿಗೆ ಕೇಕಿನ ಮೊದಲ ತುಂಡು ಇಟ್ಟ ಕೈ ಅದು. ಆ ದಿನ ನಕ್ಕವರಲ್ಲಿ ಇಬ್ಬರಿಗೆ ಗೊತ್ತಿತ್ತು. ಅವಳು ಹೊರಡಲು ತಿರುಗಿದಾಗ ನೊಎಲಿಯಾ ಹಿಂದಿನಿಂದ ಕೂಗಿದಳು: "ಅವನನ್ನ ಕ್ಷಮಿಸಿಬಿಡಿ ಅಕ್ಕಾ. ನನ್ನನ್ನ ಬೇಕಾದ್ರೆ ಬಿಡಿ."

"ಅವನು ಕೇಳ್ಲೇ ಇಲ್ವಲ್ಲ," ಅಂದಳು ಒತಿಲಿಯಾ.

ನೊಎಲಿಯಾ ಅದೇ ಸಂಜೆ ಆಸ್ಪತ್ರೆ ಸೇರಿದಳು. ಅವಳ ತಾಯಿಯ ಕಿಡ್ನಿ ಉಳಿಯಿತು. ಕಪಾಟಿನ ಗುಳಿಗೆ ಸಿಕ್ಕಿತು. ಇದು ನಮಗೆ ಡಾಕ್ಟರಮ್ಮನಿಂದ ಗೊತ್ತಾಯಿತು. ಅವಳು ಮತ್ತೆ ನಮ್ಮ ಬೀದಿಗೆ ಬಂದಿಲ್ಲ. ಮನೆಗೆ ಬಂದ ದಿನ ಒತಿಲಿಯಾ ಪಟದ ಮೊಳೆಯಿಂದ ಉಣ್ಣೆ ಟೋಪಿಯನ್ನು ತೆಗೆದಳು. ಎಸೆದಳೋ ಎತ್ತಿಟ್ಟಳೋ ನಾನು ಕೇಳಿಲ್ಲ.

ಡಯಾಲಿಸಿಸ್ ಇರುವ ದಿನಗಳಲ್ಲಿ ಅಕ್ಕ-ತಮ್ಮ ಇಬ್ಬರೂ ಮೊದಲ ಬಸ್ಸಿಗೆ ಹೊರಡುತ್ತಾರೆ. ಮೀನಿನ ತಕ್ಕಡಿ ಆಗ ನನ್ನ ಕೈಯಲ್ಲಿ. ಅವಳು ಅವನಿಗೆ ಯಾವುದರಲ್ಲೂ ಕಡಿಮೆ ಮಾಡಿಲ್ಲ. ಉಪ್ಪಿಲ್ಲದ ಅವರೆಕಾಳು ಬೇಯಿಸಿ ಕಟ್ಟಿಕೊಡುತ್ತಾಳೆ. ದಿನಕ್ಕೆ ಕುಡಿಯಬಹುದಾದ ನೀರನ್ನು ಅಳೆದು ಬಾಟಲಿಗೆ ತುಂಬುತ್ತಾಳೆ. ಅವನ ಕೈಯಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಎಣ್ಣೆ ಹಚ್ಚುತ್ತಾಳೆ. ಗೋಡೆಯಾಚೆ ಪಾತ್ರೆಯ ಸದ್ದು, ಒಲೆಯ ಸದ್ದು, ಬಾಗಿಲಿನ ಸದ್ದು ಕೇಳುತ್ತದೆ. ಮಾತು ಕೇಳುವುದಿಲ್ಲ.

ಕಳೆದ ವಾರ ನನಗೂ ನಗರದಲ್ಲಿ ಕೆಲಸವಿತ್ತು, ಅವರ ಜೊತೆ ಹೋದೆ. ಎವಾರಿಸ್ತೊ ಕಿಟಕಿಯ ಪಕ್ಕ ಕೂತು ಪಕ್ಕದ ಸೀಟಿನ ಮೇಲೆ ಟೋಪಿ ಇಟ್ಟು ಅಕ್ಕನಿಗೆ ಜಾಗ ಹಿಡಿದ. ಒತಿಲಿಯಾ ಅವನ ಹಿಂದಿನ ಸೀಟಿನಲ್ಲಿ ಕೂತಳು. ಸರೋವರ ದಾಟಿ ಬಸ್ಸು ಗುಡ್ಡ ಏರಿತು. ಆಮೇಲೆ ಅವನು ತಲೆ ತಿರುಗಿಸದೆ ಅಂದ:

"ಬೆಳಗ್ಗೆ ಕೇಳೋದನ್ನೇ ಬಿಟ್ಬಿಟ್ಟೆಯಲ್ಲ ಅಕ್ಕಾ."

ಒತಿಲಿಯಾ ಮಡಿಲಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದಳು.

"ಯಾರು ಹೇಗಿದ್ದಾಳೆ ಅಂತ ಕೇಳ್ಲಿ?" ಅಂದಳು.